ಹದಿನೇಳನೆಯ ಮಹಡಿಗೆ ಬಂದ ದೋಣಿ

ನಮ್ಮ ಯಜಮಾನರಷ್ಟು ಆಳವಾದ ಓದುಗರು ಅವರ ಇಲಾಖೆಯಲ್ಲೇ ಇಲ್ಲವೆಂದು ಈಗ ಎಲ್ಲರೂ ಹೇಳುತ್ತಾರೆ. ಹೇಳಲಿ. ಮದುವೆಯಾದಾಗಿನಿಂದ ಅವರು ಕೊನೆಯವರೆಗೆ ಓದಿ ಮುಗಿಸಿದ್ದು ಬಿಸ್ಕತ್ತು ಪೊಟ್ಟಣದ ಹಿಂಭಾಗವನ್ನು ಮಾತ್ರ. ಅದೂ ‘ನಿವ್ವಳ ತೂಕ’ ಎಂಬ ಸಾಲು ಬಂದ ಮೇಲೆ ಮುಂದಿನದರಲ್ಲಿ ಅವರಿಗೆ ರುಚಿಯಿಲ್ಲ.

ಅವರದು ತೂಕ ಮತ್ತು ಅಳತೆಯ ಕಚೇರಿ. ಅಂಗಡಿಗಳ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಅಂಗಡಿಯವನೊಂದಿಗೆ ಜಗಳವಾಡುವುದು ಅವರ ಕೆಲಸ. ಮನೆಗೆ ಬಂದರೂ ಕೈ ಸುಮ್ಮನಿರುವುದಿಲ್ಲ. ಬ್ರೆಡ್ಡನ್ನು ಅಂಗೈ ಮೇಲಿಟ್ಟು, “ಹತ್ತು ಗ್ರಾಂ ಹೊಡೆದಿದಾನೆ ಕಳ್ಳ” ಎನ್ನುತ್ತಾರೆ. ನಮ್ಮ ಚಿಕ್ಕ ಮಗಳು ಹುಟ್ಟಿದಾಗ ಉಳಿದವರೆಲ್ಲ ಮೂಗು ಯಾರದು, ಕಣ್ಣು ಯಾರದು ಎಂದು ನೋಡುತ್ತಿದ್ದರೆ, ಇವರು ಮಗುವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ, “ಎರಡು ಮುಕ್ಕಾಲು ಕಿಲೋ” ಎಂದರು. ನರ್ಸು ತೂಗಿ ನೋಡಿದಳು. ಸರಿಯಾಗಿತ್ತು. ಅಷ್ಟರ ಮಟ್ಟಿಗೆ ನನ್ನ ಗಂಡ ಬುದ್ಧಿವಂತರು. ಅದನ್ನು ಮೀರಿ ಅವರಿಂದ ಏನನ್ನಾದರೂ ನಿರೀಕ್ಷಿಸುವವರದು ತಪ್ಪು.

ಓದುವ ಚಟ ಇರುವುದು ನನಗೆ. ಬೀದಿ ಕೊನೆಯ ಲೈಬ್ರರಿಯಲ್ಲಿ ಒಂದು ಸಲಕ್ಕೆ ಮೂರು ಪುಸ್ತಕ ಕೊಡುತ್ತಾರೆ. ಮೂರನ್ನೂ ಒಟ್ಟಿಗೇ ಓದುತ್ತೇನೆ, ಮೂರು ಜಾಗದಲ್ಲಿಟ್ಟು. ಒಂದು ಅಡುಗೆಕಟ್ಟೆಯ ಮೇಲೆ. ಹಾಲು ಉಕ್ಕುವ ಮುಂಚೆ ಎರಡು ಪುಟ. ಒಂದು ಬಟ್ಟೆ ಒಗೆಯುವಲ್ಲಿ ಸ್ಟೂಲಿನ ಮೇಲೆ. ಬಟ್ಟೆ ನೆನೆಯುವಷ್ಟು ಹೊತ್ತು. ಮೂರನೆಯದು ಮಧ್ಯಾಹ್ನ ಚಿಕ್ಕವಳನ್ನು ಮಲಗಿಸುವ ಹಾಸಿಗೆಯ ಪಕ್ಕ. ಅವಳಿಗಿಂತ ಮೊದಲು ನಾನೇ ಮಲಗಿಬಿಡುವುದರಿಂದ ಅದು ಸ್ವಲ್ಪ ನಿಧಾನ. ಎಣ್ಣೆ, ಸೋಪು, ಜೊಲ್ಲು ತಾಗಿದರೆ ಲೈಬ್ರರಿಯವನು ಮುಖ ಸಿಂಡರಿಸುತ್ತಾನೆ. ಅದಕ್ಕೆ ದೊಡ್ಡವಳ ಶಾಲೆಯ ಪುಸ್ತಕಗಳಿಗೆ ತಂದು ಉಳಿದ ಕಂದು ಕಾಗದದಲ್ಲಿ ಮೂರಕ್ಕೂ ಹೊದಿಕೆ ಹಾಕುತ್ತೇನೆ. ಮೇಲೆ ಹೆಸರು ಬರೆಯುವುದಿಲ್ಲ. ಮೂಗಿನ ಹತ್ತಿರ ಹಿಡಿದರೆ ಯಾವುದು ಯಾವುದೆಂದು ನನಗೆ ಗೊತ್ತಾಗುತ್ತದೆ.

ಆ ಸಲ ತಂದ ಮೂರೂ ಹೊಚ್ಚ ಹೊಸ ಕಾದಂಬರಿಗಳು. ಮೂರರ ಹಿಂದೆಯೂ ‘ಓದುಗರ ಬದುಕನ್ನೇ ಬುಡಮೇಲು ಮಾಡುವ ಕೃತಿ’ ಎಂದು ಅಚ್ಚಾಗಿತ್ತು. ನನ್ನ ಬದುಕಿನಲ್ಲಿ ಬುಡಮೇಲಾದದ್ದು ಒಂದು ಹಾಲಿನ ಪಾತ್ರೆ.

ಅಡುಗೆಮನೆಯದು ‘ಗಾಜಿನಾಚೆಯ ಮೌನ’. ಅದರ ನಾಯಕ ಹದಿನೇಳನೆಯ ಮಹಡಿಯ ಕಿಟಕಿಯ ಬಳಿ ನಿಂತಿರುತ್ತಾನೆ. ಮೊದಲ ಪುಟದಲ್ಲಿ ನಿಂತವನು ತೊಂಬತ್ತನೆಯ ಪುಟದಲ್ಲೂ ನಿಂತೇ ಇದ್ದ. ಅವನಿಗೆ ಬದುಕು ಅರ್ಥವಾಗುತ್ತಿಲ್ಲವಂತೆ. ಪಕ್ಕದಲ್ಲಿ ಕಾಫಿ ತಣ್ಣಗಾಗುತ್ತದೆ, ಲೋಟ ಬದಲಾಗುತ್ತದೆ, ಇನ್ನೊಂದು ಕಾಫಿ ತಣ್ಣಗಾಗುತ್ತದೆ. ಆ ಕಾಫಿ ಮಾಡಿದವರು ಯಾರು, ಲೋಟ ತೊಳೆದವರು ಯಾರು, ಅಷ್ಟು ಸ್ವಚ್ಛವಾದ ಗಾಜನ್ನು ಒರೆಸಿದವರು ಯಾರು ಎಂದು ಬರೆದ ಮಹಾಶಯನಿಗೆ ಒಂದು ಸಲವೂ ಅನುಮಾನ ಬಂದಂತಿಲ್ಲ. ಒರೆಸಿದವರನ್ನು ಕೇಳಿದ್ದರೆ ಬದುಕಿನ ಅರ್ಥ ಹತ್ತನೆಯ ಪುಟದಲ್ಲೇ ಸಿಗುತ್ತಿತ್ತು.

ಬಟ್ಟೆ ಒಗೆಯುವಲ್ಲಿ ಇದ್ದದ್ದು ‘ಉಪ್ಪುನೀರಿನ ಮನೆತನ’. ದೋಣಿ ಕಟ್ಟುವ ಕುಟುಂಬ, ನಾಲ್ಕು ತಲೆಮಾರು, ಪ್ರತಿ ಅಧ್ಯಾಯದ ಕೊನೆಯಲ್ಲಿ ಒಬ್ಬರು ಮುಳುಗುತ್ತಾರೆ. ಯಾರಾದರೂ ದೋಣಿ ಹತ್ತಿದರೆ ಸಾಕು, ನಾನು ಬಟ್ಟೆ ಹಿಂಡಲು ಏಳುತ್ತಿದ್ದೆ. ಅಷ್ಟು ದೊಡ್ಡ ಮನೆತನದಲ್ಲಿ ಈಜು ಕಲಿಯೋಣ ಎಂದು ಒಬ್ಬರಿಗೂ ಅನ್ನಿಸಲಿಲ್ಲ.

ಹಾಸಿಗೆ ಪಕ್ಕದ್ದು ‘ಅವಳು ಚಪ್ಪಲಿ ಬಿಟ್ಟು ಹೋದಳು’. ಹೆಂಡತಿ ಮೊದಲ ಸಾಲಿನಲ್ಲೇ ಬರಿಗಾಲಲ್ಲಿ ಮನೆ ಬಿಟ್ಟು ಹೋಗುತ್ತಾಳೆ, ಆಮೇಲೆ ಪುಸ್ತಕದುದ್ದಕ್ಕೂ ನಡೆಯುತ್ತಾಳೆ. ಒಂದು ಮುಳ್ಳು ಚುಚ್ಚುವುದಿಲ್ಲ, ಒಂದು ಕಡೆ ಹಸಿವಾಗುವುದಿಲ್ಲ. ಒಲೆ ಆರಿಸಿ ಹೊರಟಳೋ ಇಲ್ಲವೋ ಎಂದು ನಾನು ಮಾತ್ರ ಕೊನೆಯವರೆಗೂ ಚಡಪಡಿಸಿದೆ.

ಯಜಮಾನರ ಊಟದ ಡಬ್ಬಿಯ ಮುಚ್ಚಳ ಸಡಿಲ. ಚೀಲದಲ್ಲಿ ಓರೆಯಾಗಬಾರದೆಂದು ತಳಕ್ಕೆ ಒಂದು ಮರದ ಹಲಗೆ ಇಡುವುದು ನನ್ನ ಪದ್ಧತಿ. ಒಂದು ಬೆಳಿಗ್ಗೆ ಆ ಹಲಗೆಯನ್ನು ಚಿಕ್ಕವಳು ಎಲ್ಲೋ ಅಡಗಿಸಿಟ್ಟಿದ್ದಳು. ಇವರು ಬಾಗಿಲಲ್ಲಿ ನಿಂತು, “ಬಸ್ ಹೋಯ್ತು ಕಣೇ, ಬಸ್ ಹೋಯ್ತು!” ಎಂದು ಕುಣಿಯುತ್ತಿದ್ದರು. ಕೈಗೆ ಸಿಕ್ಕಿದ್ದು ತೊಂಬತ್ತನೆಯ ಪುಟದಲ್ಲಿ ಸಿಟ್ಟು ಬಂದು ಮುಚ್ಚಿಟ್ಟಿದ್ದ ‘ಗಾಜಿನಾಚೆಯ ಮೌನ’. ಚೀಲದ ತಳಕ್ಕೆ ಹಾಕಿ ಮೇಲೆ ಡಬ್ಬಿ ಇಟ್ಟೆ. ಆ ಪುಸ್ತಕಕ್ಕೆ ಅದಕ್ಕಿಂತ ಒಳ್ಳೆಯ ಉಪಯೋಗ ಅದುವರೆಗೆ ಕಂಡಿರಲಿಲ್ಲ.

ಅವರ ಕಚೇರಿಗೆ ಆಗ ತಾನೇ ಹೊಸ ಅಧಿಕಾರಿಣಿ ಬಂದಿದ್ದರು. ಬಂದವರ ಮುಂದೆ ಮೊದಲ ಕೆಲಸವಾಗಿ ಬಿದ್ದಿದ್ದು ವೇಬ್ರಿಜ್‌ಗೆ ಒಬ್ಬರನ್ನು ಕಳಿಸುವುದು. ವೇಬ್ರಿಜ್ ಎಂದರೆ ಹೆದ್ದಾರಿಯಲ್ಲಿ ಲಾರಿಗಳನ್ನು ನಿಲ್ಲಿಸಿ ತೂಗುವ ಜಾಗ. ಬಸ್ಸಿನಲ್ಲಿ ಇಡೀ ದಿನದ ದಾರಿ. ತಗಡಿನ ಛಾವಣಿಯ ಒಂದು ಕೋಣೆ, ಒಂದು ಕಿಟಕಿ, ಸುತ್ತ ಧೂಳು. ಹೋದವರು ತಿಂಗಳಿಗೊಮ್ಮೆ ಮನೆಗೆ ಬರಬಹುದು. ಹಿಂದೆ ಅಲ್ಲಿದ್ದವರು ಮರಳಿ ಬಂದಾಗ ‘ಮುಂದೆ ಬಾ, ಹಿಂದೆ ಹೋಗು, ನಿಲ್ಸು’ ಎಂಬ ಮೂರು ಮಾತು ಬಿಟ್ಟು ಉಳಿದದ್ದೆಲ್ಲ ಮರೆತಿದ್ದರಂತೆ. ನಮ್ಮ ಮನೆಯಲ್ಲಿ ಚಿಕ್ಕವಳು ರಾತ್ರಿ ಅಪ್ಪನ ಹೆಗಲ ಮೇಲಲ್ಲದೆ ಮಲಗುವುದಿಲ್ಲ. ದೊಡ್ಡವಳಿಗೆ ಲೆಕ್ಕ ಹೇಳಿಕೊಡುವವರು ಅವರೇ. ಅತ್ತೆ ಮಾತ್ರೆ ನುಂಗುವುದು ಮಗ ಕೈಯಲ್ಲಿ ಕೊಟ್ಟರೆ ಮಾತ್ರ. ವೇಬ್ರಿಜ್ ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ನಾನು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೆ.

ಮಧ್ಯಾಹ್ನ ಇವರು ಡಬ್ಬಿ ತೆಗೆದಾಗ ಪುಸ್ತಕವೂ ಈಚೆ ಬಂತು. ಅದೇ ಹೊತ್ತಿಗೆ ಅಧಿಕಾರಿಣಿ ಆ ದಾರಿಯಲ್ಲಿ ಬಂದರು.

“ಇದೇನ್ರೀ ಇದು?”

“ಪುಸ್ತಕ ಮೇಡಂ.”

“ಯಾವ ಪುಸ್ತಕ?”

ಇವರಿಗೇನು ಗೊತ್ತು? ಅಂಗೈ ಮೇಲಿಟ್ಟು ನೋಡಿದರು. “ಮುನ್ನೂರೈವತ್ತು ಗ್ರಾಂ ಇರಬಹುದು ಮೇಡಂ.”

ಆಕೆ ನಗುತ್ತಾ ಒಳಪುಟ ತೆರೆದವರು ಕಣ್ಣರಳಿಸಿದರು. “ಅಯ್ಯೋ! ‘ಗಾಜಿನಾಚೆಯ ಮೌನ’! ಇದನ್ನ ಬರೆದವರು ನಮಗೆ ತುಂಬಾ ಪರಿಚಯ. ನೀವು ಇಂಥದ್ದೆಲ್ಲಾ ಓದ್ತೀರಾ?”

“ಪುಸ್ತಕ ಹಿಡೀದಿದ್ರೆ ನಿದ್ದೇನೇ ಬರಲ್ಲ ಮೇಡಂ.”

ಇದು ಅಪ್ಪಟ ಸತ್ಯ. ಹಿಡಿದ ಮರುಕ್ಷಣ ಬರುತ್ತದೆ.

“ಎಂಥಾ ಮನುಷ್ಯರನ್ನ ವೇಬ್ರಿಜ್‌ಗೆ ಹಾಕೋಕೆ ಹೊರಟಿದ್ದೆ ನಾನು! ನಿಮ್ಮ ಹೆಸರೇ ಬರೆದಿಟ್ಟಿದ್ದೆ ಕಣ್ರೀ. ಇರಿ, ನೋಡೋಣ,” ಎಂದು ಆಕೆ ಹೋದರು.

ಮರುದಿನ ಕಚೇರಿಯಲ್ಲಿ ತಕ್ಕಡಿ ಮುಟ್ಟುವವರಿರಲಿಲ್ಲ. ಟೈಪಿಸ್ಟಮ್ಮ ಟೈಪ್ ಮಾಡುವುದು ಬಿಟ್ಟು ಗಲ್ಲಕ್ಕೆ ಕೈಯಿಟ್ಟು ಓದುತ್ತಿದ್ದರು. ಹೆಡ್‌ಕ್ಲಾರ್ಕ್ ಎಲ್ಲರಿಗಿಂತ ದಪ್ಪದ ಪುಸ್ತಕ ತಂದಿದ್ದರು; ಹತ್ತಿರ ಹೋಗಿ ನೋಡಿದರೆ ಅದು ಸ್ಕೂಟರ್ ರಿಪೇರಿಯ ಕೈಪಿಡಿ. ಕಚೇರಿಯಲ್ಲಿ ಅವರಿಗೆ ‘ತಕ್ಕಡಿ ಮುಳ್ಳು’ ಎಂದು ಹೆಸರು. ಯಾವ ತಟ್ಟೆ ಭಾರವೋ ಆ ಕಡೆ ವಾಲುತ್ತಾರೆ, ಶಬ್ದವಿಲ್ಲದೆ.

ಸಂಜೆ ಅಧಿಕಾರಿಣಿ ಘೋಷಿಸಿದರು: ಬರುವ ಶನಿವಾರ ಕಚೇರಿಯಲ್ಲಿ ‘ಗಾಜಿನಾಚೆಯ ಮೌನ’ದ ಬಗ್ಗೆ ಮಾತುಕತೆ. ಕಾದಂಬರಿಕಾರರೇ ಬರುತ್ತಾರೆ. ಮನೆಯವರನ್ನೂ ಕರೆತನ್ನಿ. ಮುಖ್ಯ ಭಾಷಣ ನಮ್ಮ ಯಜಮಾನರದು. “ನಿಜವಾದ ಓದುಗರು ಯಾರು ಅನ್ನೋದು ಅವತ್ತು ಗೊತ್ತಾಗುತ್ತೆ. ವೇಬ್ರಿಜ್ ಆರ್ಡರ್‌ಗೆ ಅವತ್ತೇ ಸಹಿ.”

ಇವರು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದರು.

“ಲೇ, ಆ ಪುಸ್ತಕದಲ್ಲಿ ಏನಿದೆ ಹೇಳೇ!”

“ಯಾವ ಪುಸ್ತಕ? ಮೂರಿದಾವಲ್ಲ.”

“ಮೂರಾ?” ಇವರ ಮುಖ ಬಿಳುಚಿತು. ಅಡುಗೆಕಟ್ಟೆ, ಸ್ಟೂಲು, ಹಾಸಿಗೆ ಎಲ್ಲಾ ಸುತ್ತಿ ಬಂದು ಮೂರನ್ನೂ ಒಂದರ ಮೇಲೊಂದು ಪೇರಿಸಿ ಅಂಗೈ ಮೇಲೆ ತೂಗಿದರು. “ಕಿಲೋ ಮೇಲೆ ಹೋಯ್ತಲ್ಲೇ! ಶನಿವಾರದೊಳಗೆ ಎಲ್ಲಿ ಓದ್ಲಿ? ನೀನು ಓದ್ತಾ ಓದ್ತಾ ನಂಗೆ ಹೇಳ್ಬಿಡು.”

ಇವರ ಕಚೇರಿಯ ಪುಸ್ತಕಗಳು ಒಂದೇ ಬಣ್ಣದ ರಟ್ಟಿನಲ್ಲಿ ಮೂರು ಮೂರು ಭಾಗವಾಗಿ ಬರುತ್ತವೆ. ಒಂದರಲ್ಲಿ ಅಂಗಡಿ, ಎರಡರಲ್ಲಿ ತಕ್ಕಡಿ, ಮೂರರಲ್ಲಿ ದಂಡ. ಮೂರೂ ಸೇರಿದರೆ ಒಂದು. ಇಪ್ಪತ್ತು ವರ್ಷದಿಂದ ಹಾಗೆ ನೋಡಿಕೊಂಡು ಬಂದವರಿಗೆ ಒಂದೇ ಕಂದು ಕಾಗದದ ಮೂರು ಪುಸ್ತಕ ಕಂಡರೆ ಏನನ್ನಿಸುತ್ತದೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದೆ.

ಆ ವಾರವೆಲ್ಲ ನಾನಿದ್ದಲ್ಲಿ ಅವರು, ಅವರಿದ್ದಲ್ಲಿ ಪ್ರಶ್ನೆ. ಗಡ್ಡಕ್ಕೆ ನೊರೆ ಹಚ್ಚಿಕೊಂಡು ಬಂದು, “ಮುಂದೇನಾಯ್ತು?” ಎನ್ನುವರು. ನಾನು ಆಗ ಬಟ್ಟೆ ನೆನೆಹಾಕಿರುತ್ತಿದ್ದೆ.

“ಏನಾಗುತ್ತೆ? ಅಜ್ಜೀನೂ ದೋಣಿ ಹತ್ತಿದ್ಲು. ಮುಳುಗಿದ್ಲು.”

“ಪಾಪ! ಆಮೇಲೆ?”

“ಆಮೇಲೆ ಬಕೆಟ್ ಆ ಕಡೆ ಇಡಿ.”

ಚಿಕ್ಕವಳನ್ನು ಮಧ್ಯಾಹ್ನ ಮಲಗಿಸುತ್ತಿದ್ದಾಗ ಫೋನು. “ಹೆಂಡತಿ ಎಲ್ಲಿಗೆ ಬಂದ್ಲು?”

“ಇನ್ನೂ ನಡೀತಿದಾಳೆ ರೀ. ಈಗ ಮರುಭೂಮಿ.”

“ಚಪ್ಪಲಿ ತಗೊಂಡ್ಲಾ?”

“ಇಲ್ಲ.”

“ಛೆ!” ಎಂದು ಅವರು ನಿಜವಾಗಿ ನೊಂದುಕೊಂಡರು. ಈ ಒಂದು ಗುಣಕ್ಕೆ ಅವರ ಉಳಿದದ್ದನ್ನೆಲ್ಲ ನಾನು ಸಹಿಸಿಕೊಂಡಿದ್ದೇನೆ.

ಗಂಡನಿಗಾಗಿ ಹೆಂಗಸರು ಏನೇನೋ ತ್ಯಾಗ ಮಾಡಿದ ಕಥೆಗಳಿವೆ. ನಾನು ‘ಗಾಜಿನಾಚೆಯ ಮೌನ’ವನ್ನು ಮುಗಿಸಿದೆ. ಕೊನೆಯ ಪುಟದಲ್ಲಿ ಅವನು ಕುಳಿತ. ಅಷ್ಟೇ. ನಿಂತವನು ಕುಳಿತ. ಅದನ್ನೂ ಹೇಳಿದೆ. ಇವರು, “ಸುಸ್ತಾಗಿರುತ್ತೆ ಬಿಡು, ಪಾಪ,” ಎಂದರು.

ಅತ್ತೆಗೆ ವಿಷಯ ತಿಳಿದು, ಮಗ ವಿದ್ವಾಂಸನಾದನೆಂದು ಮನೆಯಲ್ಲಿ ಸದ್ದು ನಿಷೇಧವಾಯಿತು. ಕೂಗುವ ಕುಕ್ಕರನ್ನೂ ಗದರಿಸಿದರು. ಇವರು ಹಜಾರದ ಕುರ್ಚಿಯಲ್ಲಿ ಪುಸ್ತಕವನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು ಬಾಯಿ ತೆರೆದು ಮಲಗಿದ್ದರೆ, ಅತ್ತೆ ಬಾಗಿಲಲ್ಲಿ ಕಾವಲು.

“ಶ್! ಓದ್ತಿದಾನೆ!”

“ಗೊರಕೆ ಹೊಡೀತಿದಾರೆ ಅತ್ತೆ.”

“ಒಳಗೊಳಗೇ ಓದ್ತಿದಾನೆ. ನಿಂಗೇನು ಗೊತ್ತಾಗುತ್ತೆ?”

ಒಂದು ದಿನ ನಾನು ಒಲೆಯ ಮುಂದೆ ನಿಂತು ಓದುತ್ತಿದ್ದಾಗ ಅತ್ತೆ ಬಂದವರೇ ಪುಸ್ತಕವನ್ನು ಕೈಯಿಂದ ಕಿತ್ತುಕೊಂಡರು. “ಓದೋರಿಗೆ ಕೊಡಮ್ಮಾ ಇದನ್ನ! ಹಾಲು ನೋಡು.” ಹಾಲು ನೋಡಿದೆ. ಇನ್ನೇನು ಮಾಡಲಿ?

ಎದುರುಮನೆಯ ವಿಮೆ ಏಜೆಂಟರಿಗೂ ಸುದ್ದಿ ಮುಟ್ಟಿತು. ಅವರು ಸಲಹೆ ಕೇಳಲು ಬಂದರು. “ಸಾರ್, ನಮ್ಮನೆಯವಳಿಗೆ ಒಂದು ಒಳ್ಳೇ ಕಾದಂಬರಿ ಹೇಳಿ. ಬರೀ ಜಗಳ ಆಡ್ತಾಳೆ.”

ಇವರು ಕಣ್ಣು ಮುಚ್ಚಿ ಗಂಭೀರವಾಗಿ ಯೋಚಿಸಿದರು. “ನಾನೂರು ಗ್ರಾಂನಿಂದ ಶುರು ಮಾಡಿ. ಒಂದೇ ಸಲಕ್ಕೆ ಜಾಸ್ತಿ ಬೇಡ.”

ಏಜೆಂಟರು ತಲೆದೂಗಿದರು. “ಅನುಭವ ಮಾತಾಡುತ್ತೆ ನೋಡಿ,” ಎಂದು ನನ್ನ ಕಡೆ ತಿರುಗಿ, “ನೀವು ಪುಣ್ಯವಂತರು ತಾಯಿ. ಇಂಥವರ ಜೊತೆ ಇದ್ದು ನೀವೂ ನಾಲ್ಕಕ್ಷರ ಓದೋದು ಕಲೀರಿ,” ಎಂದರು. ಅವರ ಚಹಾಕ್ಕೆ ನಾನು ಸಕ್ಕರೆ ಹಾಕಲಿಲ್ಲ.

ಶನಿವಾರ ಬಂತು. ಕಚೇರಿಯ ದೊಡ್ಡ ಕೋಣೆಯಲ್ಲಿ ತಕ್ಕಡಿಗಳನ್ನೆಲ್ಲ ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಚಿಕ್ಕವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ಮುಂದಿನ ಸಾಲಿನಲ್ಲಿ ಕುಳಿತೆ. ಕಾದಂಬರಿಕಾರರು ಮೇಜಿನ ಹಿಂದೆ, ಬದುಕು ಅರ್ಥವಾಗದ ಮುಖ ಮಾಡಿಕೊಂಡು ಕುಳಿತಿದ್ದರು. ಅಧಿಕಾರಿಣಿ ತಮ್ಮ ಪ್ರತಿಯನ್ನು ಎಲ್ಲರಿಗೂ ಕಾಣುವಂತೆ ಎದೆಗೊತ್ತಿಕೊಂಡಿದ್ದರು. ಅದಕ್ಕೆ ಅಂಗಡಿಯಲ್ಲಿ ಸುತ್ತಿದ್ದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು. ಕಾದಂಬರಿಕಾರರು ಅದರ ಮೇಲೆಯೇ ಸಹಿ ಹಾಕಿಕೊಟ್ಟರು. ಶಾಯಿ ಜಾರಿ ಆಕೆಯ ಬೆರಳಿಗೆ ಹತ್ತಿತು. ಆಕೆ ಅದನ್ನು ಪುಣ್ಯವೆಂಬಂತೆ ನೋಡಿಕೊಂಡರು.

ಯಜಮಾನರು ಎದ್ದರು. ನನ್ನ ಮೂರೂ ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡಿದ್ದರು. ಮೂರೂ ಯಾಕೆ ಎಂದು ನಾನು ಕಣ್ಣಲ್ಲೇ ಕೇಳಿದೆ; ಅವರು ನನ್ನ ಕಡೆ ನೋಡಲಿಲ್ಲ.

“ಮಾನ್ಯರೇ,” ಎಂದರು, “ಈ ಕಾದಂಬರಿ ಮೂರು ಸಂಪುಟದ ದೊಡ್ಡ ಕೃತಿ. ಒಟ್ಟು ತೂಕ ಒಂದು ಕಿಲೋ ನೂರು ಗ್ರಾಂ. ನಾಯಕ ಹದಿನೇಳನೇ ಮಹಡಿ ಕಿಟಕಿ ಹತ್ರ ನಿಂತಿದಾನೆ. ಯಾಕೆ ನಿಂತಿದಾನೆ? ಹೆಂಡತಿ ಚಪ್ಪಲೀನೂ ಹಾಕ್ಕೊಳ್ದೆ ಮನೆ ಬಿಟ್ಟು ಹೋಗಿದಾಳೆ. ಅವಳು ಬರ್ತಾಳಾ ಅಂತ ದಾರಿ ಕಾಯ್ತಿದಾನೆ, ಪಾಪ! ಅವಳು ಮರುಭೂಮಿಯಲ್ಲಿದಾಳೆ ಅಂತ ಅವನಿಗೆ ಗೊತ್ತಿಲ್ಲ. ಅವಳನ್ನ ಕರ್ಕೊಂಡು ಬರೋಕೆ ಅಜ್ಜಿ ದೋಣಿ ತಗೊಂಡು ಹೊರಡ್ತಾಳೆ. ದೋಣಿ ಮುಳುಗುತ್ತೆ. ಈ ಸುದ್ದಿ ಕೇಳಿ ಅವನು ಕೂತ್ಬಿಡ್ತಾನೆ.” ಇಲ್ಲಿ ಅವರು ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಕೈಮುಗಿದರು. “ಆ ಅಜ್ಜಿಗೆ ಯಾರಾದ್ರೂ ಈಜು ಕಲಿಸಿದ್ರೆ ಒಂದು ಸಂಸಾರ ಉಳೀತಿತ್ತು ಸ್ವಾಮಿ!”

ನಾನು ಮಗುವಿನ ತಲೆಯ ಹಿಂದೆ ಮುಖ ಮರೆಸಿಕೊಂಡೆ. ಈಗ ಯಾರಾದರೂ ನಗುತ್ತಾರೆ, ಈಗ ಯಾರಾದರೂ ಎದ್ದು ‘ಇದಾವುದಯ್ಯಾ’ ಎನ್ನುತ್ತಾರೆ ಎಂದು ಕಾದೆ. ಆಮೇಲೆ ಹೆಡ್‌ಕ್ಲಾರ್ಕ್ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

“ಆ ದೋಣಿ ಮುಳುಗೋ ಭಾಗ ಇದೆಯಲ್ಲ ಸಾರ್, ನಾನು ಎರಡು ಸಲ ಓದ್ದೆ. ಎರಡು ಸಲಾನೂ ಅತ್ಬಿಟ್ಟೆ.”

“ನಂಗೆ ಅಜ್ಜಿ ಪಾತ್ರ ಇಷ್ಟ ಆಯ್ತು. ನಮ್ಮ ಅಜ್ಜೀನೇ ನೋಡ್ದಂಗಾಯ್ತು,” ಎಂದರು ಟೈಪಿಸ್ಟಮ್ಮ.

ಅಧಿಕಾರಿಣಿ ಪ್ಲಾಸ್ಟಿಕ್ಕಿನ ಮೇಲೆ ಕೈಯಾಡಿಸುತ್ತಾ, “ದೋಣಿ ಅಂದ್ರೆ ಬರೀ ದೋಣಿ ಅಲ್ಲ. ಅದು ನಮ್ಮೆಲ್ಲರ ಒಳಗೆ ಇರೋ ದೋಣಿ,” ಎಂದರು. ಎಲ್ಲರೂ ತಮ್ಮ ತಮ್ಮ ಒಳಗಿನ ದೋಣಿಯನ್ನು ಮುಟ್ಟಿ ನೋಡಿಕೊಳ್ಳುವವರಂತೆ ತಲೆ ತಗ್ಗಿಸಿದರು.

ಆ ಕೋಣೆಯಲ್ಲಿ ಕಾದಂಬರಿಯನ್ನು ಓದಿದ್ದವರು ಇಬ್ಬರು: ಬರೆದವರು ಮತ್ತು ನಾನು. ನಾನು ಬರೆದವರ ಮುಖ ನೋಡಿದೆ. ಮೊದಲು ಅದು ಹಾವು ತುಳಿದವರ ಮುಖದಂತಿತ್ತು. ಆಮೇಲೆ ಅವರು ಸುತ್ತ ನೋಡಿದರು. ಒದ್ದೆ ಕರವಸ್ತ್ರ, ತಗ್ಗಿದ ತಲೆಗಳು, ಚಪ್ಪಾಳೆಗೆ ಸಿದ್ಧವಾದ ಕೈಗಳು. ಮೆಲ್ಲಗೆ ಎದ್ದು ನಿಂತರು.

“ಇಪ್ಪತ್ತು ವರ್ಷದಿಂದ ಬರೀತಿದೀನಿ. ನನ್ನ ದೋಣಿಯನ್ನು ಕಂಡ ಮೊದಲ ಓದುಗರು ಇವರು.”

ಚಪ್ಪಾಳೆಗೆ ಗೋಡೆ ಬದಿಯ ತಕ್ಕಡಿಗಳೆಲ್ಲ ತೂಗಾಡಿದವು. ಗೆದ್ದೆವು ಎಂದುಕೊಂಡೆ. ನಾಚಿಕೆ ಹಾಳಾಗಲಿ, ಮನುಷ್ಯ ಮನೆಯಲ್ಲಿ ಉಳಿದರಲ್ಲ!

ಅಧಿಕಾರಿಣಿ ಕೈಯೆತ್ತಿದರು. “ಇಂಥ ಓದುಗರನ್ನ ಈ ಗದ್ದಲದಲ್ಲಿ ಇಟ್ಕೊಂಡು ನಾವು ಪಾಪ ಮಾಡ್ತಿದೀವಿ. ಇವರಿಗೆ ಬೇಕಿರೋದು ಏಕಾಂತ. ಯೋಚನೆ ಮಾಡ್ದೆ. ಒಂದು ಕೋಣೆ, ಒಂದು ಕಿಟಕಿ, ಯಾವಾಗ್ಲೋ ಒಂದು ಲಾರಿ. ಓದೋಕೆ ಅದಕ್ಕಿಂತ ಒಳ್ಳೇ ಜಾಗ ಬೇಕಾ? ವೇಬ್ರಿಜ್ ಇವರಿಗೇ ಮೀಸಲು. ಇದು ನನ್ನ ಗೌರವ!”

ಈ ಸಲ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ತಕ್ಕಡಿ ಮುಳ್ಳು. ಪಾಪ, ವಾರವೆಲ್ಲ ಸ್ಕೂಟರ್ ಕೈಪಿಡಿ ಓದಿ ದಣಿದಿದ್ದರು.

ಯಜಮಾನರು ಅಧಿಕಾರಿಣಿಯ ಕಡೆ ಓಡಿದರು. “ಮೇಡಂ,” ಎಂದರು, “ತಪ್ಪಾಯ್ತು. ನಾನು ಓದೇ ಇಲ್ಲ ಮೇಡಂ! ಒಂದು ಪುಟಾನೂ ಓದಿಲ್ಲ!”

“ನೋಡಿ, ನೋಡಿ!” ಅಧಿಕಾರಿಣಿಯ ಕಣ್ಣು ತೇವವಾಯಿತು. “ಎಷ್ಟು ವಿನಯ! ಇಷ್ಟು ಓದಿದವರು ಮಾತ್ರ ಓದಿಲ್ಲ ಅಂತ ಹೇಳಬಲ್ಲರು.”

“ದೇವರಾಣೆ ಮೇಡಂ, ಇವಳು ಹೇಳಿದ್ದು ಕೇಳ್ಕೊಂಡು ಬಂದೆ!”

ಎಲ್ಲರೂ ನನ್ನ ಕಡೆ ತಿರುಗಿದರು. ಮಗುವನ್ನು ಸೊಂಟಕ್ಕೇರಿಸಿಕೊಂಡು ಎದ್ದೆ.

“ಹೌದು ಮೇಡಂ. ಇವರು ಓದಿಲ್ಲ. ಓದಿದ್ದು ನಾನು. ಅವು ಮೂರು ಬೇರೆ ಬೇರೆ ಪುಸ್ತಕ. ದೋಣಿ ಒಂದರಲ್ಲಿ, ಹೆಂಡತಿ ಒಂದರಲ್ಲಿ. ಈ ಪುಸ್ತಕದಲ್ಲಿ ಒಬ್ಬ ಮನುಷ್ಯ ನಿಲ್ತಾನೆ, ಆಮೇಲೆ ಕೂರ್ತಾನೆ, ಅಷ್ಟೇ.”

ಅಧಿಕಾರಿಣಿ ನನ್ನನ್ನು ಕನಿಕರದಿಂದ ನೋಡಿದರು. “ಗಂಡ ದೂರ ಹೋಗ್ತಾರೆ ಅನ್ನೋ ಸಂಕಟ ಅರ್ಥ ಆಗುತ್ತಮ್ಮ. ಅದಕ್ಕೆ ಅವರ ಓದನ್ನೇ ಇಲ್ಲ ಅನ್ನಬಾರದು.”

ನನ್ನ ತಾಳ್ಮೆ ಮನೆಯಲ್ಲಿ ಹೆಸರುವಾಸಿ. ಆದರೆ ಆ ಹೊತ್ತಿಗೆ ಅದು ತಳ ಹತ್ತಿತ್ತು. ನಾನು ನೇರವಾಗಿ ಕಾದಂಬರಿಕಾರರ ಮುಂದೆ ಹೋಗಿ ನಿಂತೆ.

“ಸ್ವಾಮಿ, ಬರೆದವರು ನೀವು. ನೀವೇ ಹೇಳಿ. ನಿಮ್ಮ ಕಾದಂಬರಿಯಲ್ಲಿ ದೋಣಿ ಇದೆಯಾ?”

ಅವರು ನನ್ನನ್ನು ನೋಡಿದರು. ನನ್ನ ಸೊಂಟದ ಮೇಲಿದ್ದ ಮಗುವನ್ನು ನೋಡಿದರು. ಎಲ್ಲ ಗೊತ್ತಿತ್ತು ಅವರಿಗೆ. ‘ಇಲ್ಲ’ ಎಂಬ ಒಂದೇ ಮಾತು ಸಾಕಿತ್ತು, ನನ್ನ ಮಗಳ ಅಪ್ಪ ಮನೆಯಲ್ಲಿರುತ್ತಿದ್ದರು. ಅವರು ಒಮ್ಮೆ ಸಭೆಯ ಕಡೆ ಕಣ್ಣು ಹಾಯಿಸಿದರು, ಕೆಮ್ಮಿದರು.

“ಇದೆ,” ಎಂದರು.

“ಎಷ್ಟನೇ ಪುಟದಲ್ಲಿ?”

“ಅದು ಪುಟದಲ್ಲಿ ಹುಡುಕಿದರೆ ಸಿಗುವ ದೋಣಿ ಅಲ್ಲ ತಾಯಿ.”

ನಾನು ಅಧಿಕಾರಿಣಿಯ ಕಡೆ ತಿರುಗಿದೆ. “ಮೇಡಂ, ನಿಮ್ಮ ಪುಸ್ತಕ ಕೊಡಿ, ಇಲ್ಲೇ ಎಲ್ಲರೂ ಸೇರಿ ನೋಡ್ಬಿಡೋಣ.”

ಆಕೆ ಪುಸ್ತಕವನ್ನು ಇನ್ನಷ್ಟು ಬಿಗಿಯಾಗಿ ಎದೆಗೊತ್ತಿಕೊಂಡರು. ಪ್ಲಾಸ್ಟಿಕ್ಕು ಚರಚರ ಎಂದಿತು. “ಬರೆದವರೇ ಇದೆ ಅಂದಮೇಲೆ ನೋಡೋದೇನಮ್ಮ?” ಎಂದು ವೇಬ್ರಿಜ್ ಆರ್ಡರ್‌ಗೆ ಸಹಿ ಹಾಕಿದರು. ಬೆರಳಿನ ಶಾಯಿಯ ಗುರುತೂ ಅದರ ಮೇಲೆ ಬಿತ್ತು.

ಬಸ್ಸಿನಲ್ಲಿ ಮನೆಗೆ ಹೊರಟೆವು. ಚಿಕ್ಕವಳು ಅಪ್ಪನ ಹೆಗಲ ಮೇಲೆ ಆಗಲೇ ಮಲಗಿದ್ದಳು. ಅರ್ಧ ದಾರಿಯಲ್ಲಿ ಇವರು, “ಅಲ್ಲ ಕಣೇ, ನೀನು ಸುಮ್ನೆ ಆ ದೊಡ್ಡ ಮನುಷ್ಯರ ಮೇಲೆ ರೇಗಿದೆ,” ಎಂದರು.

“ಯಾಕಂತೆ?”

“ಬರೆದವರಿಗೆ ಗೊತ್ತಿರಲ್ವಾ? ನೀನು ಓದೋದು ಹಾಲಿನ ಕೈ, ಎಣ್ಣೆ ಕೈಯಲ್ಲಿ. ದೋಣಿ ಇರೋ ಪುಟಗಳು ಒಂದಕ್ಕೊಂದು ಅಂಟ್ಕೊಂಡಿರುತ್ತೆ.”

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಮನುಷ್ಯರು ಯಾಕೆ ಕಿಟಕಿಯ ಬಳಿ ಅಷ್ಟು ಹೊತ್ತು ನಿಲ್ಲುತ್ತಾರೆಂದು ಮೊದಲ ಸಲ ಸ್ವಲ್ಪ ಅರ್ಥವಾಯಿತು.

ಅವರು ವೇಬ್ರಿಜ್‌ಗೆ ಹೋದರು. ಅತ್ತೆ ಮಾತ್ರೆ ನುಂಗಲು ಒಲ್ಲೆನೆಂದು ಮುಖ ತಿರುಗಿಸುತ್ತಾರೆ; ‘ನಿಮ್ಮ ಮಗ ಓದುತ್ತಿರುವ ಹೊತ್ತು’ ಎಂದರೆ ಸದ್ದಿಲ್ಲದೆ ನುಂಗುತ್ತಾರೆ. ದೊಡ್ಡವಳ ಲೆಕ್ಕ ಫೋನಿನಲ್ಲಿ, ಲಾರಿ ಹಾರ್ನಿನ ನಡುವೆ ನಡೆಯುತ್ತದೆ. ಉತ್ತರದಲ್ಲಿ ಒಮ್ಮೊಮ್ಮೆ ಟನ್ನುಗಳು ಸೇರಿಕೊಳ್ಳುತ್ತವೆ. ಚಿಕ್ಕವಳದ್ದೇ ಕಷ್ಟವಾಗಿತ್ತು. ಮೊದಮೊದಲು ರಾತ್ರಿಯೆಲ್ಲ ಬಾಗಿಲ ಕಡೆ ಕೈ ಚಾಚಿ ಅಳುತ್ತಿದ್ದಳು. ಒಂದು ದಿನ ಬೇರೆ ದಾರಿ ಕಾಣದೆ ಫೋನನ್ನು ಅವಳ ಕಿವಿಯ ಪಕ್ಕ ದಿಂಬಿನ ಮೇಲಿಟ್ಟೆ.

“ಏನು ಹೇಳ್ಲೇ ಇವಳಿಗೆ?” ಎಂದರು ಆ ಕಡೆಯಿಂದ.

“ಏನಾದ್ರೂ. ನಿಮ್ಮ ದನಿ ಕೇಳಿದ್ರೆ ಸಾಕು.”

ಅವರ ಹತ್ತಿರ ಇದ್ದದ್ದು ಹೊರಡುವಾಗ ನಾನು ಊಟದ ಡಬ್ಬಿಯ ಕೆಳಗಿಟ್ಟಿದ್ದ ಅದೇ ಪುಸ್ತಕವೊಂದೇ. ಅದನ್ನು ಲೈಬ್ರರಿಗೆ ನಾನಿನ್ನೂ ಹಿಂದಿರುಗಿಸಿಲ್ಲ. ತೆರೆದು ಗಟ್ಟಿಯಾಗಿ ಓದಿದರು. ಅವನು ಕಿಟಕಿಯ ಬಳಿ ನಿಂತ, ಕಾಫಿ ತಣ್ಣಗಾಯಿತು. ಎರಡನೆಯ ವಾಕ್ಯಕ್ಕೆ ಮಗು ಕಣ್ಣು ಮುಚ್ಚಿತು. ಆವತ್ತಿನಿಂದ ದಿನಾ ಇದೇ. ಲೋಕದಲ್ಲಿ ಯಾವ ಕ್ಷಣವೂ ವ್ಯರ್ಥವಲ್ಲ, ಯಾವ ಕಾದಂಬರಿಯೂ ಅಲ್ಲ ಎಂದು ನಾನೂ ಈಗ ಒಪ್ಪುತ್ತೇನೆ.

ನಿನ್ನೆ ಮಗು ಮಲಗಿದ ಮೇಲೂ ಅವರು ಫೋನು ಇಡಲಿಲ್ಲ. ಹಿಂದೆ ಯಾವುದೋ ಲಾರಿ ಗುರುಗುಟ್ಟುತ್ತಿತ್ತು.

“ಮಲಗಿದ್ಲಾ?”

“ಮಲಗಿದ್ಲು.”

“ಒಂದು ಕೇಳ್ಲಾ? ದಿನಾ ಇವಳು ಮಲಗಿದ ಮೇಲೂ ನಾನು ಓದ್ತಾ ಹೋದೆ ಕಣೇ. ನೂರೆಂಬತ್ತು ಪುಟ ಆಯ್ತು. ಇನ್ನೂ ಕಿಟಕಿ ಹತ್ರಾನೇ ನಿಂತಿದಾನೆ. ಅಂಟ್ಕೊಂಡಿರೋ ಪುಟ ಎಲ್ಲಾ ನೀರು ಹಚ್ಚಿ ಬಿಡಿಸ್ದೆ.” ಆಮೇಲೆ ಕೇಳಿದರು, “ದೋಣಿ ಯಾವಾಗ ಬರುತ್ತೆ?”

ಒಲೆಯ ಮೇಲೆ ಹಾಲು ಏರುತ್ತಿತ್ತು. ಒಂದು ಕೈಯಲ್ಲಿ ಉರಿ ಸಣ್ಣ ಮಾಡಿದೆ.

“ಬರೆದವರೇ ಇದೆ ಅಂದಿದಾರಲ್ಲ,” ಎಂದೆ. “ಓದ್ತಾ ಇರಿ. ಬರುತ್ತೆ.”